ನೋಟಿಸ್ ಬಂತು, ಆರನೇ ಮಹಡಿಯೂ ಬಂತು

ಪಕ್ಕದ ಸೈಟಿನವನು ಮೂರು ಮಹಡಿಗೆ ಪ್ಲಾನ್ ತಗೊಂಡು ಆರು ಮಹಡಿ ಎಬ್ಬಿಸ್ತಿದ್ದಾನೆ. ನಿಮ್ಮ ಅಡುಗೆಮನೆಗೆ ಬೆಳಕಿಲ್ಲ. ಕಂಪ್ಲೇಂಟ್ ಕೊಟ್ಟಿದ್ದೀರಿ, ನೋಟಿಸೂ ಹೋಗಿದೆ. ಕೆಲಸ ಮಾತ್ರ ನಿಂತಿಲ್ಲ. "ದುಡ್ಡು ತಿಂದಿದ್ದಾರೆ ಬಿಡಿ ಸಾರ್" ಅಂತೀರಿ. ತಿಂದಿರಬಹುದು. ಆದರೆ ದುಡ್ಡು ಮುಟ್ಟದ ಇಂಜಿನಿಯರ್ ಇದ್ದರೂ ಬೆಂಗಳೂರಿನಲ್ಲಿ ಈ ಕಟ್ಟಡ ಏಳುತ್ತೆ. ಹೇಗೆ ಅಂತ ಹೇಳ್ತೀನಿ ಕೇಳಿ.

ದೂರು ಬಂದ ಮೇಲೆ ವಾರ್ಡ್ ಇಂಜಿನಿಯರ್ ಸ್ಥಳಕ್ಕೆ ಬಂದು ಅಳತೆ ಮಾಡಬೇಕು. 2003ರ ಬೈಲಾ ಪ್ರಕಾರ ಶೇಕಡಾ 5ರೊಳಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಬಹುದು. ಅದನ್ನು ಮೀರಿದರೆ ಮೊದಲು ತಾತ್ಕಾಲಿಕ ಆದೇಶ, ಜೊತೆಗೆ ಕಾರಣ ಕೇಳಿ ನೋಟಿಸ್. ಉತ್ತರ ಬಂದಮೇಲೆ, ಅಥವಾ ಬಾರದಿದ್ದಾಗ, ಸ್ಥಿರೀಕರಣ ಆದೇಶ. 1976ರ ಪೌರ ನಿಗಮಗಳ ಕಾಯ್ದೆಯ 321ನೇ ಕಲಂ ಹೇಳೋದು ಇದನ್ನೇ. 2020ರ ಬಿಬಿಎಂಪಿ ಕಾಯ್ದೆಯಲ್ಲಿ ಅದು 248 ಆಯಿತು. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಿವೆ. ಬೋರ್ಡು ಬದಲಾಗಿದೆ, ಫೈಲು ಅದೇ.

ಅಸಲಿ ಆಟ ಶುರುವಾಗೋದು ಇಲ್ಲಿಂದ. ಆ ಆದೇಶದ ವಿರುದ್ಧ ಮಾಲೀಕ ಕೆಎಟಿಗೆ, ಅಂದರೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅದು ಅವನ ಹಕ್ಕು, ತಪ್ಪಲ್ಲ. ತಡೆಯಾಜ್ಞೆ ಸಿಕ್ಕಿತು ಅಂದುಕೊಳ್ಳಿ. ತಡೆ ಇರೋದು ಒಡೆಯೋದಕ್ಕೆ, ಕಟ್ಟೋದಕ್ಕೆ ಅನುಮತಿ ಅಲ್ಲ! ಆದರೆ ಕಾಗದ ತೋರಿಸಿ "ಸ್ಟೇ ಇದೆ" ಅಂದ ಕೂಡಲೇ ಇಂಜಿನಿಯರ್ ಕೈ ಕಟ್ಟಿ ನಿಲ್ತಾನೆ. ಸ್ಟೇ ತೆರವು ಮಾಡಿಸೋಕೆ ಪಾಲಿಕೆ ವಕೀಲರು ಓಡಾಡಬೇಕು. ಅವರು ಓಡಾಡದಿದ್ದರೆ ಕೇಳೋರು ಯಾರು? ಅಷ್ಟರಲ್ಲಿ ಪೇಂಟ್ ಆಗಿ, ಬಾಡಿಗೆದಾರರು ಬಂದು, ಮಕ್ಕಳು ಸ್ಕೂಲ್ ಬ್ಯಾಗ್ ಹಾಕಿಕೊಂಡು ಇಳಿಯುತ್ತಿರುತ್ತಾರೆ. ಆಗ ಒಡೆಯಿರಿ ಅನ್ನೋಕೆ ನನಗೂ ಬಾಯಿ ಬರಲ್ಲ.

ಇದರ ಮೇಲೆ ಅಕ್ರಮ-ಸಕ್ರಮದ ಆಸೆ ಬೇರೆ. ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆದರೂ "ಇವತ್ತಲ್ಲ ನಾಳೆ ಸಕ್ರಮ ಆಗುತ್ತೆ" ಅಂತ ಕಾಂಕ್ರೀಟ್ ಸುರಿಯೋರು ನಿಂತಿಲ್ಲ.

ಇದು ಬರೀ ಗಾಳಿ-ಬೆಳಕಿನ ಜಗಳ ಅಂದುಕೊಳ್ಳಬೇಡಿ. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಮಳೆಯ ನಡುವೆ ಕುಸಿದು 9 ಜನ ಸತ್ತರು. ಹೊಟ್ಟೆಪಾಡಿಗೆ ಬಂದಿದ್ದ ಕೂಲಿ ಕಾರ್ಮಿಕರು. ಮಹಡಿ ಮೇಲೆ ಮಹಡಿ ಏಳೋದು ಗುಟ್ಟಿನ ಕೆಲಸವಾ? ರಸ್ತೆಯಲ್ಲಿ ಹೋಗೋರಿಗೆಲ್ಲ ಕಾಣುತ್ತೆ.

ಅದೇ ವರ್ಷ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಒಂದು ಕೇಸಿನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನ ಕೊಟ್ಟಿದೆ. ಮಂಜೂರಾದ ಪ್ಲಾನ್ ಸೈಟಿನಲ್ಲಿ ಕಾಣುವ ಹಾಗೆ ಹಾಕಬೇಕು. ಓಸಿ ಇಲ್ಲದೆ ಕರೆಂಟು, ನೀರಿನ ಕನೆಕ್ಷನ್ ಕೊಡಬಾರದು.

ಹಾಗಾಗಿ ನೀವು ದೂರು ಕೊಡಬೇಕಾದದ್ದು ಪಾಯ ಹಾಕುವಾಗ, ಹೌಸ್‌ವಾರ್ಮಿಂಗ್ ದಿನ ಅಲ್ಲ. ಹೆಲ್ಪ್‌ಲೈನಿಗೆ ಫೋನ್ ಮಾಡಿ ಸುಮ್ಮನಾಗಬೇಡಿ. ತಾರೀಖು ಕಾಣುವ ಫೋಟೊ ಇಟ್ಟು ಲಿಖಿತ ದೂರು ಕೊಡಿ, ಸೀಲು ಹಾಕಿಸಿಕೊಳ್ಳಿ. ಆಮೇಲೆ ಆರ್‌ಟಿಐ ಹಾಕಿ, 30 ದಿನದಲ್ಲಿ ಉತ್ತರ ಕೊಡಲೇಬೇಕು. ಕೇಳಬೇಕಾದದ್ದು ಇಷ್ಟು: ಅಳತೆಯ ವರದಿ, ಎರಡೂ ಆದೇಶಗಳ ಪ್ರತಿ, ಮತ್ತು ಸ್ಟೇ ಇದ್ದರೆ ಅದನ್ನು ತೆರವು ಮಾಡಿಸಲು ಪಾಲಿಕೆ ಅರ್ಜಿ ಹಾಕಿದ ತಾರೀಖು. ಆ ಕೊನೇ ಕಾಲಂ ಖಾಲಿ ಬಂದರೆ ಅದನ್ನೇ ಹಿಡಿದು ಕಮಿಷನರ್ ಬಾಗಿಲಿಗೆ ಹೋಗಿ.