ಮನೆಯ ತೇವ ಮತ್ತು ಅದರ ಪರೀಕ್ಷೆ: ಮೂರ್ನಾಡಿನ ಪರಿಸರವನ್ನು ಕುರಿತ ಒಂದು ವಿವೇಚನೆ

ಮಲೆನಾಡಿನಲ್ಲಿ ಮನೆ ಕೊಳ್ಳುವವನು ಎರಡು ಬಗೆಯ ದಾಖಲೆಗಳನ್ನು ಓದಬೇಕಾಗುತ್ತದೆ. ಹಕ್ಕುಪತ್ರಗಳು ಒಂದು, ಮನೆಯ ಗೋಡೆ ಇನ್ನೊಂದು. ಮೊದಲನೆಯದನ್ನು ಓದಲು ವಕೀಲರಿದ್ದಾರೆ. ಎರಡನೆಯದನ್ನು ಬಹುಮಟ್ಟಿಗೆ ಯಾರೂ ಓದುವುದಿಲ್ಲ. ಮಡಿಕೇರಿಗೂ ವಿರಾಜಪೇಟೆಗೂ ನಡುವಣ ಮೂರ್ನಾಡಿನಂತಹ ಊರಿನಲ್ಲಿ ಈ ಉಪೇಕ್ಷೆಯ ಫಲ ಮೊದಲ ಮಳೆಗಾಲದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಸಂಬಳದ ಉಳಿತಾಯವನ್ನೆಲ್ಲ ಸುರಿದು ಕೊಂಡ ಮನೆಯ ಗೋಡೆ ಆಷಾಢದಲ್ಲಿ ಬೆವರತೊಡಗಿದರೆ, ಆ ಬಳಿಕ ಮಾರಿದವನನ್ನು ದೂರುವುದರಿಂದ ಪ್ರಯೋಜನ ಸ್ವಲ್ಪವೇ.

ಸ್ವಲ್ಪವೇ ಎನ್ನಲು ಕಾನೂನಿನ ಕಾರಣವೂ ಉಂಟು. 1882ರ ಆಸ್ತಿ ಹಸ್ತಾಂತರ ಅಧಿನಿಯಮದ 55ನೆಯ ಪ್ರಕರಣದಂತೆ, ಬೇರೆ ಕರಾರು ಇಲ್ಲದಿರುವಲ್ಲಿ, ಮಾರುವವನು ತನಗೆ ತಿಳಿದಿರುವ ಮುಖ್ಯ ದೋಷವನ್ನು ಕೊಳ್ಳುವವನಿಗೆ ತಿಳಿಸತಕ್ಕದ್ದು. ಆದರೆ ಅದು ಕೊಳ್ಳುವವನಿಗೆ ತಿಳಿದಿರದ ಮತ್ತು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ದೋಷವಾಗಿರಬೇಕು. ಗೋಡೆಯ ಮೇಲಣ ಕಲೆ ಕಣ್ಣಿಗೆ ಬೀಳುವಂಥದು. ಆದುದರಿಂದ ತೇವದ ವಿಷಯದಲ್ಲಿ ಹೊಣೆ ಬಹುತೇಕ ಕೊಳ್ಳುವವನ ಮೇಲೆಯೇ ಬಂದು ನಿಲ್ಲುವ ಸಂಭವವಿದೆ. ಆ ಸಾಮಾನ್ಯ ಎಚ್ಚರಿಕೆ ಎಂಥದೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಜಮ್ಮಾ ಮೊದಲಾದ ಹಿಡುವಳಿಗಳ ಹಕ್ಕಿನ ಪ್ರಶ್ನೆಗಳು ಇದರ ವ್ಯಾಪ್ತಿಗೆ ಹೊರಗಿನವು.

1. ಹಿನ್ನೆಲೆ

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ಪೂರ್ವದಂಚಿನ ಕುಶಾಲನಗರದಲ್ಲಿ ಅದರ ಸುಮಾರು ಮೂರನೆಯ ಒಂದು ಭಾಗ. ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಅಂದಮೇಲೆ ಇಲ್ಲಿಯ ಗೋಡೆ ತೇವಗೊಳ್ಳುವುದು ಆಶ್ಚರ್ಯವಲ್ಲ. ತೇವಗೊಂಡ ಗೋಡೆ ಒಣಗುವುದೇ, ಇಲ್ಲವೇ ಎಂಬುದೇ ಪ್ರಶ್ನೆ.

ಹಳೆಯ ಕೊಡಗಿನ ಐನ್‌ಮನೆ ಈ ಪ್ರಶ್ನೆಗೆ ಕೊಟ್ಟ ಉತ್ತರ ಗಮನಾರ್ಹವಾದುದು. ಗದ್ದೆಯ ಬಯಲಿಗಿಂತ ಮೇಲಣ ದಿಣ್ಣೆಯಲ್ಲಿ ನಿವೇಶನ, ಎತ್ತರವಾದ ಪಂಚಾಂಗ, ದಪ್ಪನಾದ ಮಣ್ಣಿನ ಗೋಡೆ, ಗೋಡೆಯಿಂದ ಬಹುದೂರ ಚಾಚಿದ ಸೂರು, ಸೂರಿನಡಿಯಲ್ಲಿ ಕಯ್ಯಾಲೆ. ಮಳೆಯ ಎರಚಲು ಮುಖ್ಯ ಗೋಡೆಯನ್ನು ಮುಟ್ಟದಂತೆ ಈ ಕಯ್ಯಾಲೆಯೇ ತಡೆಯುತ್ತಿತ್ತು. ಅಡುಗೆಮನೆಯ ಒಲೆಯ ಹೊಗೆ ಅಟ್ಟವನ್ನೂ ಮಾಡಿನ ಮರಗಳನ್ನೂ ಸದಾ ಒಣಗಿಸುತ್ತಿತ್ತು. ಮಣ್ಣಿನ ಗೋಡೆ ನೀರನ್ನು ಹೀರುತ್ತಿತ್ತು, ನಿಜ. ಆದರೆ ಹೀರಿದುದನ್ನು ಬಿಸಿಲು ಬಂದಾಗ ಬಿಟ್ಟುಕೊಡುತ್ತಲೂ ಇತ್ತು.

ಈ ವ್ಯವಸ್ಥೆ ಹಂತಹಂತವಾಗಿ ಬದಲಾಯಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಹುಲ್ಲಿನ ಮಾಡುಗಳ ಸ್ಥಾನಕ್ಕೆ ಕ್ರಮೇಣ ಹೆಂಚು ಬಂದಿತು. ಇದು ಬಹುಮಟ್ಟಿಗೆ ಹಿತವಾದ ಬದಲಾವಣೆ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಸನ್ನದು ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟು ನಮ್ಮ ಹಳ್ಳಿಗಳನ್ನು ಮುಟ್ಟಿದ್ದು ಬಹಳ ತಡವಾಗಿ. ಮುಟ್ಟಿದೊಡನೆ ಅದು ಹಳೆಯ ಮಣ್ಣಿನ ಗೋಡೆಗಳ ಮೇಲೆಯೂ ಗಿಲಾವಾಗಿ ಏರಿತು. ಸಿಮೆಂಟಿನ ಪದರ ಬಿರುಕಿನ ಮೂಲಕ ನೀರನ್ನು ಒಳಕ್ಕೆ ಬಿಡುತ್ತದೆ, ಹೊರಕ್ಕೆ ಸುಲಭವಾಗಿ ಬಿಡುವುದಿಲ್ಲ. ಆವಿಯಾಗಿ ಹೋಗುವ ದಾರಿ ಮುಚ್ಚಿದ್ದರಿಂದ, ಒಂದಡಿಯಲ್ಲಿ ನಿಲ್ಲುತ್ತಿದ್ದ ತೇವ ಮೂರಡಿಗೆ ಏರಿತು. ಒಲೆಯ ಬದಲು ಗ್ಯಾಸು ಬಂದು ಅಟ್ಟದ ಹೊಗೆ ನಿಂತಿತು. ಒಕ್ಕದವರು ಊರೂರಿಗೆ ಚದುರಿದ ಕಾರಣ ಅನೇಕ ಐನ್‌ಮನೆಗಳು ಪುತ್ತರಿಯಂತಹ ಹಬ್ಬಗಳಿಗೆ ಮಾತ್ರ ಬಾಗಿಲು ತೆರೆಯುವಂತಾದವು. ಹೀಗೆ, ಹಳೆಯ ಮನೆ ತೇವಗೊಂಡಿರುವಲ್ಲಿ ದೋಷ ಅದರ ವಯಸ್ಸಿನದಾಗಿರಬೇಕಾಗಿಲ್ಲ. ನಮ್ಮ ಬಳಕೆಯ ಬದಲಾವಣೆಯದಾಗಿರಬಹುದು.

2. ತೇವದ ನಾಲ್ಕು ಮೂಲಗಳು

ಮೊದಲನೆಯದು ನೆಲದಿಂದ ಏರುವ ತೇವ. ಇಟ್ಟಿಗೆ, ಮಣ್ಣು, ಜಂಬಿಟ್ಟಿಗೆ ಇವುಗಳ ಸೂಕ್ಷ್ಮರಂಧ್ರಗಳು ದೀಪದ ಬತ್ತಿ ಎಣ್ಣೆಯನ್ನು ಸೆಳೆಯುವಂತೆ ನೆಲದ ನೀರನ್ನು ಸೆಳೆಯುತ್ತವೆ. ಸಾಮಾನ್ಯವಾಗಿ ಇದು ಒಂದು ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಂತ ಎಡೆಯಲ್ಲಿ ಅಡ್ಡಲಾಗಿ ಒಂದು ಕಲೆಯ ಪಟ್ಟಿಯೂ ಬಿಳಿಯ ಲವಣದ ಪುಡಿಯೂ ಉಳಿಯುತ್ತವೆ. ಪಂಚಾಂಗದ ಮಟ್ಟದಲ್ಲಿ ತೇವನಿರೋಧಕ ಪದರವನ್ನು ಹಾಸುವುದೇ ಇದಕ್ಕೆ ಮೂಲ ಪರಿಹಾರ.

ಎರಡನೆಯದು ಪಕ್ಕದಿಂದ ಅಥವಾ ಮೇಲಿನಿಂದ ನುಗ್ಗುವ ತೇವ. ಒಡೆದ ಹೆಂಚು, ತುಂಬಿದ ಸೂರಿನ ದೋಣಿ, ಕಿಟಕಿಯ ಕೆಳಗಣ ಬಿರುಕು, ಇಳಿಜಾರಿಲ್ಲದ ತಾರಸಿ ಇವು ಇದರ ದಾರಿಗಳು. ಗುಡ್ಡವನ್ನು ಕಡಿದು ಮನೆ ಕಟ್ಟಿರುವಲ್ಲಿ ಹಿಂಬದಿಯ ಗೋಡೆಗೆ ಮಣ್ಣು ಒತ್ತಿಕೊಂಡಿದ್ದರೆ, ಆ ಮಣ್ಣಿನ ನೀರೆಲ್ಲ ಗೋಡೆಗೇ ಬರುತ್ತದೆ. ಮೂರನೆಯದು ಸೋರುವ ಕೊಳಾಯಿ ಮತ್ತು ಬಚ್ಚಲು. ಇದಕ್ಕೆ ಋತುವಿನ ಹಂಗಿಲ್ಲ. ಬೇಸಗೆಯಲ್ಲಿಯೂ ಆರದ ಕಲೆ ಕಂಡರೆ ಮೊದಲು ಇದನ್ನೇ ಶಂಕಿಸಬೇಕು.

ನಾಲ್ಕನೆಯದು ಗಾಳಿಯ ತೇವ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲುದು. ಅದಕ್ಕಿಂತ ಹೆಚ್ಚಾದುದು ತಂಪಾದ ಮೈಯ ಮೇಲೆ ಹನಿಗಟ್ಟುತ್ತದೆ. ಕಕ್ಕಡದ ತಿಂಗಳಿನಲ್ಲಿ ಹೊರಗಣ ಗಾಳಿಯೇ ನೀರಾವಿಯಿಂದ ತುಂಬಿರುವುದರಿಂದ, ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು ಇವುಗಳ ಮೇಲೆ ಬೂಷ್ಟು ಬರುವುದು ಕೊಡಗಿನ ಒಳ್ಳೆಯ ಮನೆಗಳಲ್ಲಿಯೂ ಉಂಟು. ಮನೆಯೆಲ್ಲ ಸಮನಾಗಿ ಹರಡಿದ ಬೂಷ್ಟು ಗಾಳಿಯದು. ಒಂದೇ ಗೋಡೆಯ ಒಂದೇ ಭಾಗವನ್ನು ಹಿಡಿದಿರುವುದು ಗೋಡೆಯದು. ಈ ಭೇದವನ್ನು ಅರಿಯದವರು ಒಳ್ಳೆಯ ಮನೆಯನ್ನು ಬಿಟ್ಟುಬಿಡುವುದೂ ಉಂಟು, ಕೆಟ್ಟ ಮನೆಯನ್ನು ಕೊಳ್ಳುವುದೂ ಉಂಟು.

3. ಪರೀಕ್ಷೆಯ ಕ್ರಮ

ಮನೆಯನ್ನು ಮಳೆಗಾಲದಲ್ಲಿ ಒಮ್ಮೆ, ಒಣಗಾಲದಲ್ಲಿ ಒಮ್ಮೆ ನೋಡುವುದು ಉತ್ತಮ. ಒಂದೇ ಸಲ ಸಾಧ್ಯವೆಂದಾದರೆ ಮಳೆಗಾಲವನ್ನೇ ಆರಿಸಬೇಕು. ಪುತ್ತರಿ ಕಳೆದ ಬಳಿಕ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ.

ಪರೀಕ್ಷೆ ಹೊರಗಿನಿಂದ ಒಳಕ್ಕೆ ಸಾಗಬೇಕು. ಮೊದಲು ನಿವೇಶನ. ಹಿಂದೆ ಬರೆ ಇದ್ದರೆ ಅದಕ್ಕೂ ಗೋಡೆಗೂ ನಡುವೆ ತೆರೆದ ಚರಂಡಿ ಇದೆಯೇ, ತಡೆಗೋಡೆಯಲ್ಲಿ ನೀರು ಹೊರಹೋಗುವ ರಂಧ್ರಗಳಿವೆಯೇ, ಹೊಸ ಒರತೆ ಹುಟ್ಟಿದೆಯೇ, ಬರೆಯ ನೆತ್ತಿಯ ನೆಲ ಬಿರಿದಿದೆಯೇ ಎಂದು ನೋಡಬೇಕು. ಇಲ್ಲಿ ಪ್ರಶ್ನೆ ಗೋಡೆಯ ಬಣ್ಣದ್ದಲ್ಲ, ಪ್ರಾಣದ್ದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಮುಂತಾದೆಡೆಗಳಲ್ಲಿ ಗುಡ್ಡಗಳು ಕುಸಿದುದನ್ನು ಕೊಡಗು ಮರೆತಿಲ್ಲ. ಅಂತಹ ಸೂಚನೆಗಳಿದ್ದಲ್ಲಿ ಭೂವಿಜ್ಞಾನ ಬಲ್ಲವರ ಅಭಿಪ್ರಾಯವಿಲ್ಲದೆ ಮುಂಗಡ ಕೊಡಲಾಗದು.

ಅನಂತರ ಹೊರಗೋಡೆ. ಅಂಗಳದ ಮಟ್ಟ ಒಳನೆಲದ ಮಟ್ಟಕ್ಕಿಂತ ಕೆಳಗಿರಬೇಕು. ವರ್ಷ ವರ್ಷ ಮಣ್ಣು ಸುರಿದು ಅಂಗಳವನ್ನು ಏರಿಸಿರುವ ಮನೆಗಳಲ್ಲಿ ತೇವನಿರೋಧಕ ಪದರವಿದ್ದರೂ ವ್ಯರ್ಥ. ಗೋಡೆಯ ಬುಡದಲ್ಲಿ ಹಾವಸೆ ಯಾವ ಎತ್ತರದವರೆಗೆ ಹಬ್ಬಿದೆ ಎಂಬುದು ಎರಚಲಿನ ಅಳತೆಯನ್ನು ತೋರಿಸುತ್ತದೆ. ನೈಋತ್ಯ ಮಾರುತ ಅಪ್ಪಳಿಸುವ ಪಡುವಣ ಮತ್ತು ತೆಂಕಣ ಗೋಡೆಗಳನ್ನು ಹೆಚ್ಚು ಹೊತ್ತು ನೋಡಬೇಕು. ತಾರಸಿಯ ಮೇಲೆ ತಗಡಿನ ಮಾಡು ಹಾಕಿದ್ದರೆ ಅದನ್ನು ಕಟ್ಟುವಾಗಲೇ ಹಾಕಿದರೋ, ಸೋರಿದ ಮೇಲೆ ಹಾಕಿದರೋ ಎಂದು ಕೇಳಬೇಕು. ಸೋರಿದ ತಾರಸಿಯೊಳಗಣ ಕಬ್ಬಿಣ ತುಕ್ಕು ಹಿಡಿದು ಹಿಗ್ಗಿ ಕಾಂಕ್ರೀಟಿನ ಚಕ್ಕೆಗಳನ್ನು ಸಿಡಿಸುತ್ತದೆ. ತಗಡು ಮೇಲಿನ ನೀರನ್ನು ತಡೆದೀತೇ ಹೊರತು ಆಗಿಹೋದ ಹಾನಿಯನ್ನು ಸರಿಪಡಿಸದು.

ಒಳಗೆ ಹೋದಾಗ ಮೊದಲ ಸಾಕ್ಷಿ ಮೂಗು. ಮುಚ್ಚಿದ ಕೋಣೆಯ ಬಾಗಿಲು ತೆರೆದ ಕ್ಷಣದ ವಾಸನೆಯನ್ನು ಗಮನಿಸಬೇಕು. ಐದು ನಿಮಿಷದ ಬಳಿಕ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಬೀರುವನ್ನು ಸರಿಸಿ ಅದರ ಹಿಂಬದಿಯ ಗೋಡೆಯನ್ನು ನೋಡಲು ಅನುಮತಿ ಕೇಳಬೇಕು. ಗಿಲಾವನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳಾದ ಶಬ್ದ ಬಂದರೆ ಅದು ಗೋಡೆಯನ್ನು ಬಿಟ್ಟಿದೆ ಎಂದರ್ಥ. ಗೋಡೆಯೊಳಗೆ ಹುದುಗಿರುವ ತೊಲೆಗಳ ತುದಿಗಳನ್ನು ದಬ್ಬಳದಿಂದ ಒತ್ತಿ ನೋಡಬೇಕು. ಮರದಲ್ಲಿ ತೇವಾಂಶ ಶೇಕಡ 20ನ್ನು ಮೀರಿ ನಿಂತರೆ ಅದನ್ನು ಕೊಳೆಸುವ ಶಿಲೀಂಧ್ರಗಳಿಗೆ ಅವಕಾಶವಾಗುತ್ತದೆ. ಗೆದ್ದಲೂ ತೇವವನ್ನೇ ಅನುಸರಿಸಿ ಬರುತ್ತದೆ.

ಸಂಶಯ ಉಳಿದಲ್ಲಿ ಒಂದು ಸುಲಭವಾದ ಪ್ರಯೋಗವಿದೆ. ಒಂದಡಿ ಚೌಕದ ಅಲ್ಯೂಮಿನಿಯಂ ಹಾಳೆಯನ್ನು ಗೋಡೆಗೆ ಹಚ್ಚಿ, ನಾಲ್ಕು ಅಂಚುಗಳನ್ನೂ ಪಟ್ಟಿಯಿಂದ ಬಿಗಿದು, ಒಂದೆರಡು ದಿನ ಬಿಡಬೇಕು. ಗೋಡೆಯ ಕಡೆಯ ಮೈಯಲ್ಲಿ ಹನಿಗಟ್ಟಿದರೆ ತೇವ ಗೋಡೆಯಿಂದ ಬಂದುದು. ಕೋಣೆಯ ಕಡೆಯ ಮೈಯಲ್ಲಿ ಹನಿಗಟ್ಟಿದರೆ ಗಾಳಿಯಿಂದ ಬಂದುದು. ಎರಡು ಮೊನೆಗಳ ವಿದ್ಯುತ್ ತೇವಮಾಪಕವನ್ನು ಬಳಸುವವರೂ ಇದ್ದಾರೆ. ಅದು ಮರಕ್ಕಾಗಿ ಮಾಡಿದ ಉಪಕರಣ. ಲವಣವಿರುವ ಗೋಡೆಯಲ್ಲಿ ಇರುವುದಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಿಸುತ್ತದೆ. ಆದಕಾರಣ ಅದರ ಅಂಕಿಯನ್ನು ನಂಬುವುದಕ್ಕಿಂತ, ಗೋಡೆಯ ಒಂದು ಭಾಗವನ್ನು ಇನ್ನೊಂದರೊಡನೆ ಹೋಲಿಸಲು ಅದನ್ನು ಉಪಯೋಗಿಸುವುದು ಯುಕ್ತ.

4. ಸಾಕ್ಷ್ಯದ ಪರಾಮರ್ಶೆ

ಇತಿಹಾಸದ ವಿದ್ಯಾರ್ಥಿಗೆ ಪರಿಚಿತವಾದ ನಿಯಮವೊಂದು ಇಲ್ಲಿಯೂ ಸಲ್ಲುತ್ತದೆ. ಶಾಸನದಲ್ಲಿ ಒಂದೆಡೆ ಮಾತ್ರ ಅಕ್ಷರಗಳನ್ನು ತಿದ್ದಿ ಕೆತ್ತಿದ್ದರೆ ನಾವು ಆ ಭಾಗವನ್ನೇ ಹೆಚ್ಚು ಸಂಶಯದಿಂದ ಓದುತ್ತೇವೆ. ಹಾಗೆಯೇ ಒಂದೇ ಗೋಡೆಗೆ ಹೊಸ ಬಣ್ಣ, ಗೋಡೆಯ ಬುಡಕ್ಕೆ ಮಾತ್ರ ಟೈಲ್ಸು ಇವುಗಳನ್ನು ಕಂಡಾಗ ಕಾರಣ ಕೇಳಬೇಕು. ಮಾರುವವನ ಮಾತು ಒಂದು ಸಾಕ್ಷ್ಯ. ನೆರೆಯವರ ಮಾತು ಇನ್ನೊಂದು. ಅವೆರಡನ್ನೂ ಗೋಡೆಯೊಡನೆ ಹೋಲಿಸದೆ ನಿರ್ಣಯಕ್ಕೆ ಬರಬಾರದು.

ಕಾರಣವನ್ನು ಗುರುತಿಸದೆ ಪರಿಹಾರಕ್ಕೆ ತೊಡಗುವುದು ಎಲ್ಲಕ್ಕಿಂತ ದೊಡ್ಡ ನಷ್ಟ. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ಏಳನೆಯ ಭಾಗದಲ್ಲಿ, ಸದಾ ತೇವದಿಂದಿರುವ ಗೋಡೆಯ ಒಳಬದಿಗೆ ತುಸು ಬಿಟ್ಟು ಇನ್ನೊಂದು ತೆಳುಗೋಡೆಯನ್ನು ಕಟ್ಟಿ, ನಡುವೆ ಗಾಳಿ ಆಡಲು ಮೇಲೂ ಕೆಳಗೂ ಕಿಂಡಿಗಳನ್ನು ಬಿಡಬೇಕೆಂದಿದ್ದಾನೆ. ನೀರನ್ನು ಮುಚ್ಚಿಡುವುದಲ್ಲ, ಅದಕ್ಕೆ ಹೊರದಾರಿ ಕೊಡುವುದು ಎಂಬ ಈ ತತ್ತ್ವವೇ ಐನ್‌ಮನೆಯ ಗೋಡೆಯಲ್ಲಿಯೂ ಇದ್ದುದು. ಹಳೆಯ ಮಣ್ಣಿನ ಮನೆಯನ್ನು ಕೊಂಡವರು ಸಿಮೆಂಟಿನ ಗಿಲಾವನ್ನು ಕಿತ್ತು ಸುಣ್ಣದ ಗಾರೆ ಬಳಿದು, ಅಂಗಳವನ್ನು ತಗ್ಗಿಸಿ, ಸೂರನ್ನು ಚಾಚಿಸಿದರೆ ಬಹಳ ಕಡೆ ಅದೇ ಸಾಕಾಗಬಹುದು. ಆದರೆ ತಾಳ್ಮೆ ಬೇಕು. ಒಂದು ಅಂಗುಲ ದಪ್ಪದ ಗೋಡೆ ಆರಲು ಸುಮಾರು ಒಂದು ತಿಂಗಳೆಂಬುದು ಕಟ್ಟಡ ಕಟ್ಟುವವರ ಸ್ಥೂಲ ಲೆಕ್ಕ, ಮಳೆಗಾಲವನ್ನು ಅದರಲ್ಲಿ ಹಿಡಿಯುವಂತಿಲ್ಲ.

ಕೊನೆಯದಾಗಿ ಆರೋಗ್ಯದ ಮಾತು. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಉಬ್ಬಸ ಮತ್ತಿತರ ಶ್ವಾಸಸಂಬಂಧವಾದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ತಿಳಿಸುತ್ತದೆ. ಮಕ್ಕಳೂ ವೃದ್ಧರೂ ಇರುವ ಕುಟುಂಬ ಇದನ್ನು ಬೆಲೆಯ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ದುರಸ್ತಿಗೆ ಸಾಧ್ಯವಾದ ತೇವವಿದ್ದರೆ ಅದರ ವೆಚ್ಚವನ್ನು ಬರೆದು ತೋರಿಸಿ ಬೆಲೆಯನ್ನು ಇಳಿಸಲು ಕೇಳಬಹುದು. ಬರೆಯ ಒರತೆಯಂತೆ ನಮ್ಮ ಕೈಮೀರಿದುದಾದರೆ ಮನೆ ಎಷ್ಟೇ ಸುಂದರವಾಗಿರಲಿ, ಬಿಟ್ಟುಬಿಡುವುದೇ ಲೇಸು. ಈ ತಾರತಮ್ಯವನ್ನು ತಿಳಿದವರು ಕೆಟ್ಟ ಮನೆಯನ್ನು ಕೊಳ್ಳಲಾರರು. ಕಲೆ ಕಂಡ ಮಾತ್ರಕ್ಕೆ ಒಂದು ಒಳ್ಳೆಯ ಹಳೆಯ ಮನೆಯನ್ನು ಕೆಡವಿಸಲೂ ಆರರು.