ಕಾಗಿಣಾ ನೆರೆ ಇಳಿಯುವುದೆಂದು? ಕಂಪ್ಯೂಟರ್ ಗಣಿತದ ಪಾಠ

ದಂಡೋತಿ: ಕಾಗಿಣಾ ನದಿ ಉಕ್ಕಿದಾಗ ಚಿತ್ತಾಪುರ ತಾಲ್ಲೂಕಿನ ದಂಡೋತಿ ಸೇತುವೆ ಹಲವು ಬಾರಿ ಮುಳುಗಿ ಸಂಚಾರ ಸ್ಥಗಿತಗೊಂಡಿದೆ. ದಡದಲ್ಲಿ ನಿಂತವರ ಪ್ರಶ್ನೆ ಒಂದೇ: ನೀರು ಇಳಿಯುವುದು ಯಾವಾಗ? ಕ್ಷಣಕ್ಷಣಕ್ಕೂ ಬದಲಾಗುವ ಇಂಥ ಪರಿಮಾಣಗಳನ್ನು ಲೆಕ್ಕ ಹಾಕಲು ನೆರವಾಗುವುದೇ ಅವಕಲ ಸಮೀಕರಣ, ಅಂದರೆ ಡಿಫರೆನ್ಶಿಯಲ್ ಈಕ್ವೇಷನ್.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2022ರ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ಮೊದಲ ವರ್ಷದ ಗಣಿತಕ್ಕೆ ಕಂಪ್ಯೂಟರ್ ಪ್ರಯೋಗಾಲಯವನ್ನು ಜೋಡಿಸಿತು. ಪೈಥಾನ್, ಸೈಲ್ಯಾಬ್‌ನಂಥ ಉಚಿತ ತಂತ್ರಾಂಶಗಳಲ್ಲಿ ಈ ಸಮೀಕರಣಗಳನ್ನು ಬಿಡಿಸಿ, ಪರಿಹಾರದ ರೇಖೆಯನ್ನು ತೆರೆಯ ಮೇಲೆ ಮೂಡಿಸಬಹುದು.

ಆದರೆ ತೆರೆಯ ಮೇಲೆ ಮೂಡಿದ್ದೆಲ್ಲ ಸರಿಯಾಗಿರಬೇಕಿಲ್ಲ. ಒಂದು ಕಾಲ್ಪನಿಕ ಉದಾಹರಣೆ: ನದಿ ವಾಡಿಕೆಯ ಮಟ್ಟಕ್ಕಿಂತ 2 ಮೀಟರ್ ಮೇಲಿದೆ, ಗಂಟೆಗೆ ಇಳಿಯುವ ವೇಗ ಆಯಾ ಕ್ಷಣದ ಹೆಚ್ಚುವರಿ ಎತ್ತರದ ಅರ್ಧದಷ್ಟು. ಆಗ 5 ಗಂಟೆಗಳ ಬಳಿಕ ಉಳಿಯುವ ಹೆಚ್ಚುವರಿ ನೀರು ಸುಮಾರು 16 ಸೆಂ.ಮೀ.

ಕಂಪ್ಯೂಟರ್ ಇದನ್ನು ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುತ್ತದೆ. 18ನೇ ಶತಮಾನದ ಗಣಿತಜ್ಞ ಆಯ್ಲರ್‌ನ ಸರಳ ವಿಧಾನದಲ್ಲಿ, ಆರಂಭದ ವೇಗವೇ ಹೆಜ್ಜೆಯುದ್ದಕ್ಕೂ ಮುಂದುವರಿಯುತ್ತದೆಂದು ಭಾವಿಸಲಾಗುತ್ತದೆ. ಹೆಜ್ಜೆ 6 ನಿಮಿಷದ್ದಾದರೆ ಉತ್ತರ ಸುಮಾರು 15 ಸೆಂ.ಮೀ. ಹೆಜ್ಜೆ 5 ಗಂಟೆಯದಾದರೆ ನೀರು ವಾಡಿಕೆಗಿಂತ 3 ಮೀಟರ್ ಕೆಳಗಿಳಿದು, ಮರುಹೆಜ್ಜೆಗೆ 4.5 ಮೀಟರ್ ಮೇಲೇರುತ್ತದೆ!

ಎರಡೂ ಬಾರಿ ಯಂತ್ರದ ಕೂಡಿ-ಕಳೆಯುವಿಕೆ ಸರಿಯಾಗಿಯೇ ಇದೆ. ತಪ್ಪಿದ್ದು ಹೆಜ್ಜೆಯ ಆಯ್ಕೆ. ನೀರು ಇಳಿದಿದೆ ಎಂಬ ಹುಸಿ ಉತ್ತರ ನಂಬಿ ಸೇತುವೆಗಿಳಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಹೆಜ್ಜೆಯನ್ನು ಅರ್ಧಕ್ಕಿಳಿಸಿ ಮತ್ತೆ ಲೆಕ್ಕ ಹಾಕುವುದು, ಬಂದ ಉತ್ತರ ನದಿಯ ಸ್ವಭಾವಕ್ಕೆ ಒಪ್ಪುವುದೇ ಎಂದು ಪರೀಕ್ಷಿಸುವುದು ಪ್ರಯೋಗಾಲಯದ ಮೊದಲ ಪಾಠವಾಗಬೇಕು.