ಅಡಿಕೆ ತೋಟಕ್ಕೆ ಬಿದ್ದ ಗಾಳಿ: ಸುಂಟರಗಾಳಿಯೋ, ಬಿರುಗಾಳಿಯೋ?

ಮರ ಬಿದ್ದರೆ ಸಾಕು, ನಮ್ಮ ಕಡೆ ಎಲ್ಲಾ ಗಾಳಿಗೂ ಒಂದೇ ಹೆಸರು, 'ಸುಂಟರಗಾಳಿ'. ಆದರೆ ಯಾವ ಗಾಳಿಯಿಂದ ಮರ ಬಿತ್ತು ಅಂತ ತಿಳಿದರೆ ಮುಂದಿನ ಸಲಕ್ಕೆ ಏನು ಮಾಡಬಹುದು, ಏನು ಮಾಡಿದರೂ ಪ್ರಯೋಜನವಿಲ್ಲ ಅನ್ನೋದು ಗೊತ್ತಾಗುತ್ತದೆ.

2021ರ ಮೇ ತಿಂಗಳಲ್ಲಿ ಅರಬ್ಬಿ ಸಮುದ್ರದಲ್ಲಿ ತೌಕ್ತೆ ಚಂಡಮಾರುತ ಎದ್ದಿತ್ತು. ಮಯನ್ಮಾರ್ ದೇಶ ಕೊಟ್ಟ ಹೆಸರು. ಅರ್ಥ ಒಂದು ಜಾತಿಯ ಹಲ್ಲಿ! ಅದು ನೆಲ ಮುಟ್ಟಿದ್ದು ಮೇ 17ರಂದು, ದೂರದ ಗುಜರಾತಿನಲ್ಲಿ. ಆದರೆ ನಮ್ಮ ಕರಾವಳಿಯ ಪಕ್ಕದಲ್ಲೇ ಬಡಗಣಕ್ಕೆ ಹೋಗುವಾಗ ಕರಾವಳಿ ಜಿಲ್ಲೆಗಳ ಜೊತೆ ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗಿಗೂ ಪೆಟ್ಟು ಕೊಟ್ಟಿತು. ಭದ್ರಾವತಿ ತಾಲ್ಲೂಕಿನ ನಮ್ಮ ಊರು ಕಡಲಿನಿಂದ ನೂರು ಕಿ.ಮೀ.ಗೂ ಹೆಚ್ಚು ಒಳಗಿದೆ. ಆದರೂ ಒಂದೂವರೆ ಎಕರೆಯ ನನ್ನ 820 ಅಡಿಕೆ ಮರದಲ್ಲಿ 61 ಹೋದವು. ಗೊನೆ ಬಿಟ್ಟ ಬಾಳೆ ಇನ್ನೂರರಷ್ಟು ಮಲಗಿದವು. ಲಾಕ್‌ಡೌನ್ ಬೇರೆ, ಆಳೂ ಇಲ್ಲ, ಬಾಳೆ ಕೊಳ್ಳೋರೂ ಇಲ್ಲ.

ಬಿದ್ದ ಮರ ಹೇಳುವ ಕಥೆ

ಬಿದ್ದ ಮರಗಳ ತಲೆ ಯಾವ ಕಡೆ ಇದೆ ನೋಡಿ. ಗಾಳಿಯ ಜಾತಕ ಅಲ್ಲೇ ಇದೆ.

ನಿಜವಾದ ಸುಂಟರಗಾಳಿ ಎಂದರೆ ಮೋಡದಿಂದ ನೆಲದವರೆಗೆ ಇಳಿದು ಗಿರಗಿರ ಸುತ್ತುವ ಕಂಬ. ಅದು ಹೋದ ದಾರಿ ಕಿರಿದು. ಅಲ್ಲಿ ಮರಗಳು ತಿರುಚಿ, ಒಂದರ ಮೇಲೊಂದು ಅಡ್ಡಾದಿಡ್ಡಿ ಬೀಳುತ್ತವೆ. ಪಕ್ಕದ ತೋಟಕ್ಕೆ ಏನೂ ಆಗಿರೋದಿಲ್ಲ. ಅಮೆರಿಕದಲ್ಲಿ ಚಂಡಮಾರುತ ದಡಕ್ಕೆ ಬರುವಾಗ ಅದರ ಹೊರಸುತ್ತಿನ ಮೋಡಗಳಿಂದ ಇಂಥವು ಸಾಲಾಗಿ ಹುಟ್ಟುವುದುಂಟು. 2004ರ 'ಐವಾನ್' ಒಂದರಿಂದಲೇ ಸುಮಾರು 120 ಹುಟ್ಟಿದ್ದವು. ನಮ್ಮಲ್ಲಿ ಅದು ಬಲು ಅಪರೂಪ.

ಏಪ್ರಿಲ್-ಮೇ ಸಂಜೆಯ ಗುಡುಗು ಮಳೆಯ ಗಾಳಿ ಬೇರೆ. ಮೋಡದೊಳಗಿನ ತಣ್ಣನೆಯ ಭಾರದ ಗಾಳಿ ಒಮ್ಮೆಲೇ ಕೆಳಗೆ ಬೀಳುತ್ತದೆ. ಕೊಡದ ನೀರನ್ನು ಕಣದ ಮೇಲೆ ಸುರಿದ ಹಾಗೆ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮರಗಳು ಬೀಸಣಿಗೆ ಬಿಚ್ಚಿದಂತೆ ಬೀಳುತ್ತವೆ.

ಚಂಡಮಾರುತದ ಗಾಳಿ ಮೂರನೆಯದು. ನಮ್ಮ ಭಾಗದಲ್ಲಿ ಚಂಡಮಾರುತ ಅಪ್ರದಕ್ಷಿಣೆಯಾಗಿ ಸುತ್ತುತ್ತದೆ. ಅದು ನಮ್ಮ ಪಡುವಣಕ್ಕೆ, ಕಡಲಲ್ಲಿ ಇದ್ದರೆ ನಮಗೆ ಗಾಳಿ ತೆಂಕಣ ದಿಕ್ಕಿನಿಂದ. ನನ್ನ ತೋಟದಲ್ಲಿ ಹೆಚ್ಚಿನ ಮರಗಳು ಬಡಗಣ-ಈಶಾನ್ಯಕ್ಕೆ ತಲೆ ಹಾಕಿ ಬಿದ್ದಿದ್ದವು. ಅಂದರೆ ಸುಂಟರಗಾಳಿ ಅಲ್ಲ, ನೇರ ಗಾಳಿ.

ತಡೆಯಲು ಆಗುವುದೆಷ್ಟು?

ಸುಂಟರಗಾಳಿಗೆ ಯಾವ ಬೇಲಿಯೂ ಅಡ್ಡಿಯಲ್ಲ. ನೇರ ಗಾಳಿಗೆ ಗಾಳಿತಡೆ ಸಾಲು ಉಪಯೋಗಕ್ಕೆ ಬರುತ್ತದೆ. ಸಾಲಿನ ಎತ್ತರದ ಹತ್ತು ಪಟ್ಟು ದೂರದವರೆಗೆ ಗಾಳಿಯ ಬಿರುಸು ಕಡಿಮೆಯಾಗುತ್ತದೆ. ಗೋಡೆಯಂತೆ ದಟ್ಟ ಇರಬಾರದು. ಗಾಳಿ ಸೋಸಿ ಬರಬೇಕು. ನಾನು ನೈಋತ್ಯದ ಬದುವಿನಲ್ಲಿ ಸಿಲ್ವರ್ ಓಕ್ ಹಾಕಿದ್ದೇನೆ. ಬೇರು ತೋಟಕ್ಕೆ ಬಾರದಂತೆ ನಡುವೆ ಒಂದು ಅಗಳು ತೆಗೆದಿದ್ದೇನೆ.

ಇನ್ನೊಂದು ಸಂಗತಿ. ಬುಡ ಸಮೇತ ಕಿತ್ತು ಬಿದ್ದ ಮರಗಳೆಲ್ಲ ನಾಲೆ ಬಸಿ ನಿಲ್ಲುವ ತಗ್ಗಿನಲ್ಲೇ ಇದ್ದವು. ಗದ್ದೆಯನ್ನು ತೋಟ ಮಾಡಿದವರು ನಮ್ಮ ಭದ್ರಾ ಅಚ್ಚುಕಟ್ಟಿನಲ್ಲಿ ಬಹಳ. ನೀರು ನಿಂತರೆ ಅಡಿಕೆ ಬೇರು ಆಳಕ್ಕೆ ಇಳಿಯೋದಿಲ್ಲ. ಬೇಸಿಗೆ ಮುಗಿಯುವ ಮೊದಲೇ ಬಸಿಗಾಲುವೆ ಬಿಡಿಸಿ. ಗೊನೆ ಬಿಟ್ಟ ಬಾಳೆಗೆ ಗಾಳಿಯ ಎದುರು ದಿಕ್ಕಿಗೆ ಆನಿಕೆ ಕೊಡಿ.

ಸುಳಿ ಮುರಿದ ಅಡಿಕೆ ಮರವನ್ನು ಕಾಯಬೇಡಿ. ಅದಕ್ಕೆ ಇರೋದು ಒಂದೇ ಸುಳಿ; ಮತ್ತೆ ಚಿಗುರದು. ದಬ್ಬೆಗಾದರೂ ಬಂದೀತು, ಕಡಿದು ಸಸಿ ನೆಡಿ.

ಪರಿಹಾರದ ಲೆಕ್ಕ

ಕಡಿಯುವ ಮೊದಲು ಫೋಟೋ ತೆಗೆಯಿರಿ, ಮರ ಎಣಿಸಿ ಬರೆದಿಡಿ. ಪಹಣಿ, ಆಧಾರ್, ಪಾಸ್‌ಬುಕ್ ಜೊತೆ ಕೂಡಲೇ ಅರ್ಜಿ ಕೊಡಿ. ಇಷ್ಟಾದರೂ ಸಿಗುವುದೇನು? ಬೆಳೆ ಶೇ. 33ಕ್ಕೆ ಕಡಿಮೆ ಇಲ್ಲದಂತೆ ನಷ್ಟ ಆಗಿರಬೇಕು. ನನ್ನ 820ರಲ್ಲಿ 271 ಮರ ಬೀಳಬೇಕಿತ್ತು! "ಅಣ್ಣಾ, ಇನ್ನೂ ಇನ್ನೂರು ಬಿದ್ದಿದ್ರೆ ನಿಮ್ ಹೆಸರೂ ಪಟ್ಟೀಲಿ ಇರ್ತಿತ್ತು" ಅಂದ ಪಕ್ಕದ ತೋಟದ ಹುಡುಗ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಪಟ್ಟಿಗೆ ಸೇರಿದವರ ಪಾಡು? 2022ರಲ್ಲಿ ಪರಿಷ್ಕರಿಸಿದ ಕೇಂದ್ರದ ದರದಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂ., ಅದೂ ಎರಡು ಹೆಕ್ಟೇರಿನವರೆಗೆ. ಒಂಬತ್ತು ಅಡಿ ಅಂತರದಲ್ಲಿ ಹೆಕ್ಟೇರಿಗೆ 1,370 ಮರ ಹಿಡಿದರೆ ಮರವೊಂದಕ್ಕೆ ಹದಿನಾರು ರೂಪಾಯಿ ಚಿಲ್ಲರೆ. ಹೊಸ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು. ಹವಾಮಾನ ಆಧಾರಿತ ವಿಮೆ ಮುಖ್ಯವಾಗಿ ಮಳೆಯ ಅಳತೆ ನೋಡಿ ಹಣ ಕೊಡುತ್ತದೆ. ಬಿದ್ದ ಮರ ಎಣಿಸುವುದಿಲ್ಲ.

ಫಸಲು ಹೋದರೆ ಒಂದು ವರ್ಷದ ನಷ್ಟ, ಮರ ಹೋದರೆ ಆರು ವರ್ಷದ ನಷ್ಟ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಪರಿಹಾರವನ್ನು ಮರದ ಲೆಕ್ಕದಲ್ಲಿ ಕೊಡಿ ಎಂದು ನಾವು ಒಟ್ಟಾಗಿ ಕೇಳಬೇಕು. ಕೇಳಲು ಕೈಯಲ್ಲಿ ಲೆಕ್ಕ ಬೇಕು. ನಿಮ್ಮ ತೋಟದಲ್ಲಿ ಯಾವ ವರ್ಷ, ಯಾವ ದಿಕ್ಕಿಗೆ, ಎಷ್ಟು ಮರ ಬಿದ್ದವು? ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಕಳಿಸಿ.